ಸರೋವರದ ಊರಿನಲ್ಲಿ ಇನ್ನೂ ಬದುಕಿದ್ದವರು

ನನ್ನ ಗಂಡ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಎಂಬತ್ತರ ದಶಕದಲ್ಲಿ ಹೊಸ ಯಂತ್ರಗಳ ತರಬೇತಿಗೆಂದು ಅವರನ್ನು ಸ್ವೀಡನ್ನಿಗೆ ಕಳಿಸಿದ್ದರು. ಸರೋವರದ ದಂಡೆಯ ಪುಟ್ಟ ಊರು. ಅಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಮಹಡಿಯಲ್ಲಿ ಒಂದು ಚಳಿಗಾಲ ಕಳೆದು ಬಂದರು. ಬಂದ ಮೇಲೆ ಆ ಊರಿನ ಮಾತು ಮುಗಿಯಲೇ ಇಲ್ಲ.

“ಅಲ್ಲಿ ಒಂದು ಕುರ್ಚಿ ಮಾಡೋಕೂ ತಿಂಗಳುಗಟ್ಟಲೆ ಯೋಚನೆ ಮಾಡ್ತಾರೆ ಕಣೇ. ಅಂಗಡಿ ಗಾಜಿನ ಹಿಂದೆ ಒಂದೇ ಒಂದು ಕುರ್ಚಿ, ದೇವರನ್ನ ಕೂರಿಸಿದ ಹಾಗೆ. ಮಗಳು ಸ್ವಲ್ಪ ದೊಡ್ಡೋಳಾಗಲಿ, ಮೂರೂ ಜನ ಹೋಗೋಣ” ಎನ್ನುತ್ತಿದ್ದರು.

ಮಗಳು ದೊಡ್ಡವಳಾದಳು. ಅವರಿಗೆ ಒಂದು ಬೇಸಿಗೆಯಲ್ಲಿ ಕಾಮಾಲೆ ಬಂತು, ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಇರಲಿಲ್ಲ. ಕಾರ್ಖಾನೆಯ ಕ್ವಾರ್ಟರ್ಸ್ ಬಿಡಬೇಕಾಯಿತು. ನಾನು ಬ್ಯಾಂಕಿನವಳು, ವರ್ಗ ಕೇಳಿಕೊಂಡು ವಿಜಯವಾಡಕ್ಕೆ ಬಂದು ಪಟಮಟದಲ್ಲಿ ಬಾಡಿಗೆ ಮನೆ ಹಿಡಿದೆ. ಊರಿಗೆ, ತುಮಕೂರಿಗೆ, ಬಂದುಬಿಡು ಎಂದು ಅಣ್ಣ ಕರೆದರು. ಮಗಳು ಒಪ್ಪಲಿಲ್ಲ. ಅವಳು ಓದಿದ್ದು, ಗೆಳತಿಯರೊಡನೆ ಜಗಳವಾಡಿದ್ದು ಎಲ್ಲ ತೆಲುಗಿನಲ್ಲಿ. ಅಪ್ಪನನ್ನು ಕರೆಯುತ್ತಿದ್ದದ್ದೂ ‘ನಾನ್ನ’ ಎಂದೇ. ಅವರು ಹೋದ ಮೇಲೆ ಆ ಶಬ್ದ ನಮ್ಮ ಮನೆಯಲ್ಲಿ ಕೇಳಿಸಲೇ ಇಲ್ಲ. ಅವಳೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಸ್ವೀಡನ್ನಿನ ಆ ಶಿಕ್ಷಕಿಯ ಮಗ ನನ್ನ ಗಂಡನಿಗೆ ತರಬೇತಿ ಕೊಟ್ಟವರಲ್ಲೊಬ್ಬ. ಸಾವಿನ ಸುದ್ದಿಯನ್ನು ನಾನೇ ಅವರಿಗೆ ತಿಳಿಸಿದ್ದೆ. ಎರಡು ವರ್ಷ ಕಳೆದ ಮೇಲೆ ಆತ ಬ್ಯಾಂಕಿಗೆ ಫೋನ್ ಮಾಡಿ, “ಅಮ್ಮ ನಿಮ್ಮನ್ನೂ ಮಗಳನ್ನೂ ನೋಡಬೇಕು ಅಂತಿದ್ದಾಳೆ. ಟಿಕೆಟ್ ನಾನು ಕಳಿಸ್ತೇನೆ” ಎಂದ. ಬೇಡವೆನ್ನಲು ಬಾಯಿ ತೆರೆದವಳು ಹೂಂ ಎಂದುಬಿಟ್ಟೆ.

ಜೂನ್ ತಿಂಗಳು. ರೈಲಿನಿಂದ ಇಳಿದಾಗ ಊರು ಅವರು ಹೇಳಿದಂತೆಯೇ ಇತ್ತು. ಬಿಳಿ ತೊಗಟೆಯ ಮರಗಳು, ಕೆಂಪು ಬಳಿದ ಮರದ ಮನೆಗಳು, ಪ್ರತಿ ಕಿಟಕಿಯಲ್ಲೂ ಒಂದು ದೀಪ, ರಸ್ತೆ ತಿರುಗಿದಲ್ಲೆಲ್ಲ ನೀರು. ಅವರು ಹಿಮ ಕಂಡಲ್ಲಿ ನಾವು ಹಸಿರು ಕಂಡೆವು, ಅಷ್ಟೇ. ಕಾರಿನಲ್ಲಿ ಆ ಮಗ, “ಅಮ್ಮನಿಗೆ ಈಚೆಗೆ ಮರೆವು. ಬೇಜಾರು ಮಾಡ್ಕೋಬೇಡಿ” ಎಂದ.

ಆ ಶಿಕ್ಷಕಿ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನಮ್ಮ ಬೆನ್ನ ಹಿಂದೆ ಕಣ್ಣು ಹಾಯಿಸಿ, ಬಿಡಿಸಿ ಬಿಡಿಸಿ ಆಡುವ ಇಂಗ್ಲಿಷಿನಲ್ಲಿ ಕೇಳಿದರು: “ಅವನೆಲ್ಲಿ? ಮುಂದಿನ ರೈಲಿಗೆ ಬರ್ತಾನಾ?”

ಮಗ ತಲೆ ತಗ್ಗಿಸಿದ. ನಾನೇ ಹೇಳಿದೆ. ಅಜ್ಜಿ ಹೊಸ್ತಿಲ ಬಳಿಯ ಬೆಂಚಿನ ಮೇಲೆ ಕುಸಿದು, ಈಗಷ್ಟೇ ಸತ್ತರೇನೋ ಎಂಬಂತೆ ಅತ್ತರು. ಅವರನ್ನು ಸಮಾಧಾನ ಮಾಡುವಾಗ ನನಗೆ ಅಳು ಬರಲಿಲ್ಲ.

ಮರುದಿನ ಬೆಳಗ್ಗೆ ತಿಂಡಿಗೆ ಕೂತಾಗ ಅಜ್ಜಿ ನಮ್ಮ ಮೂವರಿಗೆ ನಾಲ್ಕು ಬಟ್ಟಲು ಜೋಡಿಸಿದರು. “ಅವನಿನ್ನೂ ಎದ್ದಿಲ್ವಾ?”

ಆ ಮುಖವನ್ನು ಮತ್ತೊಮ್ಮೆ ಕೆಡಿಸಲು ನನ್ನಿಂದಾಗಲಿಲ್ಲ. “ಅವರಿಗೆ ರಜ ಸಿಗಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ” ಎಂದೆ.

“ಅವನು ಯಾವಾಗಲೂ ಹಾಗೇ” ಎಂದು ಅಜ್ಜಿ ನಕ್ಕರು.

ಮಗಳು ಚಮಚ ಎಸೆದು ಎದ್ದುಹೋದಳು. ಸರೋವರದ ಬಳಿ ಕಟ್ಟೆಯ ಮೇಲೆ ಕೂತಿದ್ದವಳನ್ನು ಹುಡುಕಿ ಹೋದೆ.

“ಅಬದ್ಧಂ ಎಂದುಕು ಚೆಪ್ಪಾವಮ್ಮಾ? ಯಾಕೆ ಸುಳ್ಳು ಹೇಳ್ದೆ?” ಅವಳು ನನ್ನ ಕಡೆ ತಿರುಗಿದಳು. “ನಾನ್ನ ಸತ್ತುಹೋಗಿದಾರೆ. ನೀನೇ ಮರೆತ್ಯಾ?”

“ಇಲ್ಲ ಮಗಳೇ. ಅವರು ದಿನಾ ಹೊಸದಾಗಿ ಅಳೋದು ಬೇಡ ಅಂತ.”

“ನಮಗಾದರೋ?”

ಎರಡು ವರ್ಷದಲ್ಲಿ ಅವಳ ಬಾಯಿಂದ ‘ನಾನ್ನ’ ಎಂಬ ಶಬ್ದ ಕೇಳಿದ್ದು ಅದೇ ಮೊದಲು.

ಅಲ್ಲಿದ್ದಷ್ಟು ದಿನವೂ ಅಜ್ಜಿ ನನ್ನ ಗಂಡನ ಕತೆ ಹೇಳಿದರು. ಬೆಳಗಿನದನ್ನು ಸಂಜೆಗೆ ಮರೆಯುವವರಿಗೆ ಆ ಚಳಿಗಾಲ ಮಾತ್ರ ಅಚ್ಚಳಿಯದೆ ಉಳಿದಿತ್ತು. ಮೊದಲ ಹಿಮ ಬಿದ್ದಾಗ ಬರಿಗಾಲಲ್ಲಿ ಅಂಗಳಕ್ಕೆ ಓಡಿದ್ದು. ಅಜ್ಜಿಯ ಗಂಡ ಮಾಡಿದ ಕುರ್ಚಿಯನ್ನು ತಲೆಕೆಳಗು ಮಾಡಿ, ಒಂದೂ ಮೊಳೆಯಿಲ್ಲದೆ ಹೇಗೆ ನಿಂತಿದೆಯೆಂದು ಅರ್ಧ ದಿನ ನೋಡಿದ್ದು. ಭಾನುವಾರ ಹೆಪ್ಪುಗಟ್ಟಿದ ಸರೋವರದ ಮೇಲೆ ನಿಂತು ಮಗಳ ಹೆಸರನ್ನು ಕೂಗಿದ್ದು. “ಯಾಕೆ ಕೂಗ್ತೀಯ ಅಂತ ಕೇಳಿದೆ. ‘ಅವಳಿಗೆ ಕೇಳಿಸಲ್ಲ ಅಂತ ಗೊತ್ತು, ಆದ್ರೂ...’ ಅಂದ” ಎಂದರು ಅಜ್ಜಿ. ಇದನ್ನು ನನ್ನ ಗಂಡ ನನಗೂ ಹೇಳಿರಲಿಲ್ಲ. ಮಗಳು ಅಜ್ಜಿಯ ಪಕ್ಕಕ್ಕೆ ಸರಿದು, “ಇನ್ನೊಂದ್ಸಲ ಹೇಳಿ” ಎಂದಳು.

ಹೊರಡುವ ದಿನ ಅಜ್ಜಿ ಏಲಕ್ಕಿ ಹಾಕಿ ಬೇಯಿಸಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗಿಟ್ಟರು. “ಇದು ಅವನಿಗೆ. ಮನೆ ತಲುಪಿದಾಗ ಅವನು ಬಾಗಿಲಲ್ಲಿ ಇರ್ತಾನೆ ತಾನೆ?”

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: “ನೈಟ್ ಶಿಫ್ಟ್ ಇರುತ್ತೆ ಅಜ್ಜೀ. ಬೆಳಗ್ಗೆ ಬರ್ತಾರೆ. ಬಂದ ಕೂಡಲೇ ಕೊಡ್ತೀನಿ.” ಇಂಗ್ಲಿಷಿನಲ್ಲಿ, ಒಂದಿಷ್ಟೂ ತಡವರಿಸದೆ.

ರೈಲು ಹೊರಟ ಮೇಲೆ ಅವಳು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಅಳದವಳು, ತೆಲುಗೋ ಕನ್ನಡವೋ ತಿಳಿಯದಂತೆ ಏನೇನೋ ಹೇಳುತ್ತಾ ಅತ್ತಳು. ಎದುರು ಕೂತ ಹೆಂಗಸು ನಮಗೆ ನೀರು ಕೊಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಅವತ್ತು ನಾನೂ ಅತ್ತೆ.

ಮುಂದಿನ ಬೇಸಿಗೆಯಲ್ಲಿ ಅಜ್ಜಿಯ ಮಗನಿಂದ ಮತ್ತೆ ಫೋನ್ ಬಂತು. ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಿದ್ದರು. ಸಂಜೆ ಬ್ಯಾಂಕಿನಿಂದ ಬಂದವಳು ಮಗಳಿಗೆ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕೈಯಲ್ಲಿದ್ದ ಲಂಗವನ್ನು ಹಾಗೇ ಹಿಡಿದು ಕೂತಳು.

“ಹಾಗಾದ್ರೆ ಇನ್ನು ನಾನ್ನ ಎಲ್ಲಿ ಅಂತ ಯಾರೂ ಕೇಳಲ್ಲ ಅಲ್ವಾಮ್ಮ?” ಎಂದಳು.

ನಾನು ಅವಳ ಪಕ್ಕದಲ್ಲಿ ಕೂತು ಉಳಿದ ಬಟ್ಟೆ ಮಡಿಸತೊಡಗಿದೆ.