ಜನರ ಕ್ಷೇಮದ ಇನ್‌ಸ್ಪೆಕ್ಟರ್

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಹತ್ತಿರದ ನಮ್ಮ ಸಣ್ಣ ಊರಿನ ಕೌನ್ಸಿಲ್‌ನಲ್ಲಿ ಮೃತ್ಯುಂಜಯ ಆಹಾರದ ಇನ್‌ಸ್ಪೆಕ್ಟರ್. ಕೆಲಸದ ಜಾಕೆಟ್ಟಿನ ಲಾಂಛನದ ಲ್ಯಾಟಿನ್ ಸಾಲು ತೋರಿಸಿ, "ಜನರ ಕ್ಷೇಮವೇ ಎಲ್ಲಕ್ಕಿಂತ ದೊಡ್ಡ ಕಾನೂನು ಅಂತ, ಆಂಟಿ" ಎಂದು ಕಂಡಾಗಲೆಲ್ಲ ಅರ್ಥ ಹೇಳುತ್ತಾನೆ. ನಾಮಕರಣಕ್ಕೆ ಕರೆದರೂ ಬಿಸಿಬೇಳೆಬಾತಿಗೆ ಥರ್ಮಾಮೀಟರ್ ಚುಚ್ಚಿಯೇ ತಟ್ಟೆ ಹಿಡಿಯುವವನು. "ಈ ಮಹಾರಾಯ ತಾಯಿ ಹಾಲಿಗೂ ಪರ್ಮಿಟ್ ಕೇಳ್ತಾನೆ" ಎಂದು ಪಕ್ಕದ ಮನೆಯ ವಿಜಯಾ ನಗುತ್ತಿದ್ದಳು. ಒಂಟಿಯಾಗಿರುವವರಿಗೆಂದು ಅವಳು ಗ್ಯಾರೇಜಿನಲ್ಲಿ ಹಾಕುತ್ತಿದ್ದ ಗುರುವಾರದ ಊಟವನ್ನು, ಪರವಾನಗಿ ಇಲ್ಲವೆಂದು ಅವನೇ ನಿಲ್ಲಿಸಿದ. "ಯಾರಿಗಾದ್ರೂ ಹೊಟ್ಟೆ ಕೆಟ್ರೆ, ವಿಜಯಕ್ಕ?" ಎಂದನಂತೆ. ಯಾರಿಗೂ ಕೆಟ್ಟಿರಲಿಲ್ಲ. ಆ ಊಟಕ್ಕೆ ಮೊದಲು ಬಂದು ಕೊನೆಗೆ ಏಳುತ್ತಿದ್ದವನೂ ಅವನೇ. ಈಗ ಗುರುವಾರ ಸಂಜೆ ನಮ್ಮ ಬೀದಿಯಲ್ಲೇ ಕಾರು ನಿಲ್ಲಿಸಿ, ಅಂಗಡಿಯ ಪೈ ತಿನ್ನುತ್ತಾ ಒಬ್ಬನೇ ಕೂತಿರುತ್ತಾನೆ; ಒಳಗೆ ಬಾರೋ ಎಂದು ನಾನು ಕರೆದರೆ, "ಊಟ ಆಯ್ತು, ಆಂಟಿ" ಅನ್ನುತ್ತಾನೆ.