ಮುಡಿ ಕೊಟ್ಟ ಮೇಲೆ

ಮೊದಲು ಕಂಡದ್ದು ಮರೆವು. ನಾನದನ್ನು ಹಠ ಅಂದುಕೊಂಡೆ.

ಮಗಳು ಸುಮಾಗೆ ಎಂಟು ವರ್ಷ. ಆಟಿಸಂ ಇದೆ ಅಂತ ನಾಲ್ಕರಲ್ಲೇ ಹೇಳಿದ್ದರು. ಹೊನ್ನೂರಿನ ನಮ್ಮ ಮನೆಯಲ್ಲಿ "ಒಳಗಿಂದ ಒಂದ್ ಲೋಟ ತಕಬಾ" ಅಂದರೆ ಅಡುಗೆಮನೆ ಹೊಸ್ತಿಲ ತನಕ ಹೋಗಿ ನಿಂತುಬಿಡುತ್ತಿದ್ದಳು. ಯಾಕೆ ಬಂದೆ ಎಂಬುದೇ ಹೋಗಿರುತ್ತಿತ್ತು. ಆದರೆ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದವರೆಗೆ ಬಸ್ಸು ನಿಲ್ಲುವ ಊರುಗಳನ್ನು ಒಂದೂ ಬಿಡದೆ ಒಪ್ಪಿಸುವಳು. ಇಷ್ಟು ನೆನಪಿರುವವಳಿಗೆ ಒಂದು ಲೋಟ ನೆನಪಿರುವುದಿಲ್ಲವೇ? ಹಾಗಂತ ಎರಡು ಸಲ ಹೊಡೆದಿದ್ದೇನೆ. ದಿನಾ ಪಾಠ ಹೇಳುವ ಮೇಡಂ ದಾರಿಯಲ್ಲಿ ಸಿಕ್ಕರೆ ಯಾರೋ ಎಂಬಂತೆ ನೋಡುವಳು. ಅದನ್ನೂ ಜಂಬ ಅಂದೆ.

ಅತ್ತೆ ಒಂದು ದಿನ ಹೇಳಿದರು. "ಮಾದಪ್ಪಂಗೆ ಮುಡಿ ಕೊಡ್ತೀನಿ ಅಂತ ಅರಕೆ ಕಟ್ಕೊ ಕಣಮ್ಮಿ. ಕೂಸು ನೆಟ್ಗಾಯ್ತದೆ."

ಕಟ್ಟಿಕೊಂಡೆ. ನನ್ನ ಕೂದಲು ಸೊಂಟದವರೆಗೆ ಇತ್ತು. ಸುಮಾ ಮಲಗುತ್ತಿದ್ದದ್ದೇ ನನ್ನ ಜಡೆ ಹಿಡಿದುಕೊಂಡು. ಆಗಲೇ ನನಗೆ ಹೊಳೆಯಬೇಕಿತ್ತು. ಹಾಳಾದ ತಲೆ, ಹೊಳೆಯಲಿಲ್ಲ.

ಬೆಟ್ಟದಲ್ಲಿ ಮುಡಿ ಕೊಟ್ಟು, ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಬಂದೆ. ಮಗಳು ಅಜ್ಜಿಯ ಪಕ್ಕ ಕೂತಿದ್ದಳು. ಕೈ ಹಿಡಿದೆ. ಕಿಟಾರನೆ ಕಿರುಚಿ, ಕೊಸರಿಕೊಂಡು, ಅಜ್ಜಿಯ ಸೆರಗಿನ ಹಿಂದೆ ಅಡಗಿದಳು.

"ಅವ್ವ ಎಲ್ಲಿ?"

ನನ್ನನ್ನೇ ಕೇಳಿದಳು.

"ನಾನೇ ಕಣೇ ನಿಮ್ಮವ್ವ" ಅಂದೆ. ದನಿ ಕೇಳಿ ಸೆರಗು ಸರಿಸಿ ಇಣುಕಿದಳು. ಮುಖ ನೋಡಿದ್ದೇ ಮತ್ತೆ ಅಳು. "ಅಯ್ಯೋ ನನ್ನಪ್ಪ, ಇದೇನಾಗೋಯ್ತು" ಅಂತ ಅತ್ತೆ ಅವಳನ್ನು ಮಡಿಲಿಗೆ ಎಳೆದುಕೊಂಡರು. ಹನೂರು ಬರುವವರೆಗೂ ಸುಮಾ ಬಸ್ಸಿನ ಕಿಟಕಿಯಿಂದ ಅವ್ವನನ್ನು ಹುಡುಕುತ್ತಲೇ ಇದ್ದಳು. ನಾನು ಹಿಂದಿನ ಸೀಟಿನಲ್ಲಿದ್ದೆ.

ಮರುವಾರ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಲೋಟದ್ದು, ಜಡೆಯದ್ದು ಎಲ್ಲ ಹೇಳಿದೆ. "ಎತ್ತ ತಾಯ್ನೇ ಮರ್ತ್‌ಬುಟ್ಳು ಸಾ" ಅಂದೆ.

"ಮರೆತಿಲ್ಲಮ್ಮ" ಅಂದರು ಡಾಕ್ಟರ್. "ಆಟಿಸಂ ಇರೋ ಕೆಲವು ಮಕ್ಕಳಿಗೆ ಮುಖ ನೆನಪಿಟ್ಕೊಳ್ಳೋದು ಕಷ್ಟ. ಮೆದುಳಿನ ಭಾಗಗಳ ನಡುವೆ ಕನೆಕ್ಷನ್ ಬೇರೆ ಥರ ಇರುತ್ತೆ. ಊರಿನ ಹೆಸರು ನಿಲ್ಲುತ್ತೆ, ಮುಖ ನಿಲ್ಲಲ್ಲ, ಈಗ ತಾನೇ ಹೇಳಿದ ಕೆಲಸ ನಿಲ್ಲಲ್ಲ. ನಿಮ್ಮನ್ನ ಬಹುಶಃ ಜಡೆಯಿಂದ ಗುರುತು ಹಿಡೀತಿದ್ಲು."

ಹಠವಲ್ಲ.

ಹೊರಗೆ ಬೆಂಚಿನ ಮೇಲೆ ಕೂತೆ. ಹೊಡೆದದ್ದು ನೆನಪಾಯಿತು. ಅವಳು ನಿಂತ ಕಡೆಯೇ ನಿಂತು ಪೆಟ್ಟು ತಿಂದಿದ್ದಳು, ಯಾತಕ್ಕೆ ಅಂತ ಗೊತ್ತಿಲ್ಲದೆ. ಮಾದಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವನೇನು ಕೂದಲು ಕೊಡು ಅಂತ ಬಂದು ಕೇಳಿದ್ದನೇ? ಮಗಳನ್ನು ಸರಿಮಾಡಿಸಲು ಹೊರಟವಳು ನಾನು. ಅವಳು ಲೋಕವನ್ನು ಹೇಗೆ ಗುರುತು ಇಟ್ಟುಕೊಂಡಿದ್ದಾಳೆ ಅಂತ ಒಂದು ದಿನವೂ ನೋಡಿದವಳಲ್ಲ.

ಈಗ ಕೂದಲು ಕಿವಿ ಮುಟ್ಟಿದೆ. ಬೆಳಿಗ್ಗೆ ಅವಳು ಕಣ್ಣು ಬಿಡುವ ಮೊದಲೇ ಪಕ್ಕದಲ್ಲಿ ಕೂತು "ನಾನು ಅವ್ವ" ಅನ್ನುತ್ತೇನೆ. ದನಿ ಮೊದಲು, ಮುಖ ಆಮೇಲೆ; ಆಸ್ಪತ್ರೆಯ ಥೆರಪಿ ಮೇಡಂ ಹೇಳಿಕೊಟ್ಟದ್ದು. ಕೆಲವು ದಿನ ಕೈ ಚಾಚುತ್ತಾಳೆ. ಕೆಲವು ದಿನ ಗೋಡೆ ಕಡೆ ತಿರುಗುತ್ತಾಳೆ. ಮೊನ್ನೆ ನಾನು ಬಾಯಿ ತೆರೆಯುವ ಮೊದಲೇ "ಅವ್ವ" ಅಂದಳು. ಅತ್ತೆ ಪಾಯಸ ಮಾಡಿದರು.

ಇವತ್ತು ಮತ್ತೆ ಯಾರೋ ಎಂಬಂತೆ ನೋಡಿದಳು.

"ನಾನು ಅವ್ವ" ಅಂದೆ.