ಅಮಾವಾಸ್ಯೆಯ ಬೆಳಿಗ್ಗೆ ನೆಲ ಹೇಳಿದ್ದು

ಹೊಸಪೇಟೆಯ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಯಾರಿಂದಲೂ ಮುಚ್ಚಿಟ್ಟವಳಲ್ಲ. ಆ ವರ್ಷ ನನ್ನ ಸಿಟ್ಟೆಲ್ಲ ಒಂದು ಹಳೆಯ ಪಂಪ್ ಕೋಣೆಗಾಗಿ ಖರ್ಚಾಯಿತು. ಕಾಲೇಜಿನ ಹಿಂದಿರುವ ಆ ಕೋಣೆಯ ನೆಲವೆಂದರೆ ಬರೀ ಬಂಡೆ. ಅದರ ಮೇಲೆ ನಾನೊಂದು ಪುಟ್ಟ ಕಂಪನಮಾಪಕ ಕೂರಿಸಿದ್ದೆ. ನೆಲ ಒಂದಿಷ್ಟು ಅಲುಗಿದರೂ ಸಾಕು, ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಮೂಡುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಪೂರ್ವದ ಕಡೆಯ ದೂರದ ದೇಶವೊಂದು ನೆಲದೊಳಗೆ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿತು. ಹತ್ತು ನಿಮಿಷವೂ ಆಗಿರಲಿಲ್ಲ, ನಮ್ಮ ಪಂಪ್ ಕೋಣೆಯ ಗೆರೆ ಚಂಗನೆ ಮೇಲೆದ್ದಿತು. ನಮ್ಮ ದೇಶ ಮರುಭೂಮಿಯಲ್ಲಿ ಪರೀಕ್ಷೆ ನಡೆಸಿದಾಗ ಸಕ್ಕರೆ ಹಂಚಿದ ಹುಡುಗಿ ನಾನು. ಈ ಸಲ ಸಕ್ಕರೆಯ ನೆನಪೇ ಬರಲಿಲ್ಲ. ಅಷ್ಟು ದೂರದಲ್ಲಿ ಮಾಡಿದ್ದನ್ನು ಇಲ್ಲಿಯ ಬಂಡೆ ಹೇಳಿಬಿಟ್ಟಿತಲ್ಲ ಎಂದು ಮೈ ಜುಮ್ಮೆಂದಿತು. ಕದ್ದು ಮಾಡುವವರನ್ನು ಹಿಡಿಯಬಹುದಾದರೆ ಇಂಥ ಪರೀಕ್ಷೆಗಳನ್ನು ನಿಲ್ಲಿಸಲೂಬಹುದು ಎಂದು ಅವತ್ತೇ ನಂಬಿದೆ.

ನಂಬದವರು ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು. ಕಟ್ಟಡ ಸಮಿತಿಯ ಮುಖ್ಯಸ್ಥರೂ ಅವರೇ, ಉತ್ತರಪತ್ರಿಕೆ ತುಂಬಿಡಲು ನನ್ನ ಕೋಣೆ ಕೇಳುತ್ತಿದ್ದವರೂ ಅವರೇ. ದೊಡ್ಡ ದೇಶಗಳು ಹೊಟ್ಟೆ ಬಿರಿಯೆ ಪರೀಕ್ಷೆ ಮಾಡಿಕೊಂಡು, ತಾವು ಉಂಡು ಕೈತೊಳೆದ ಮೇಲೆ ಉಳಿದವರಿಗೆ ಏಕಾದಶಿ ಹೇಳುತ್ತಿವೆ ಎಂಬುದು ಅವರ ವಾದ. ಅಣುಪರೀಕ್ಷೆ ನಿಷೇಧದ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ, ಒಪ್ಪಬೇಕಾದ ಇನ್ನೂ ಕೆಲವರು ಒಪ್ಪಿಲ್ಲ, ಹಾಗಾಗಿ ಒಪ್ಪಂದ ಇನ್ನೂ ಜಾರಿಗೇ ಬಂದಿಲ್ಲ ಎಂದೂ ಎಣಿಸಿ ಹೇಳುತ್ತಿದ್ದರು. ಅದರಲ್ಲಿ ಅರ್ಧ ನಿಜ, ಒಪ್ಪಿಕೊಂಡೆ. ಆದರೆ ಒಂದು ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು.

"ಸಂಡೂರು ಗುಡ್ಡದಾಗ ಗಣಿಗಳು ದಿನಾ ಢಂ ಅಂತಾವ. ಅದರ ನಡುವ ಒಂದು ಬಾಂಬ್ ಹಾರಿಸಿದ್ರ ನಿಮ್ಮ ಯಂತ್ರ ಏನ್ ಕಂಡುಹಿಡಿತದ್ರಿ, ಮೇಡಂ? ಸುಮ್ನ ಆ ಕೋಣಿ ಬಿಟ್ಟುಕೊಡ್ರಿ."

ಹಾಗಾದರೆ ಪಂದ್ಯ ಎಂದೆ. ಸಂಡೂರಿನ ಒಂದು ಗಣಿಯಲ್ಲಿ ಕಲ್ಲು ಸಿಡಿಸುವ ಮೇಸ್ತ್ರಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅಪ್ಪ, ಭಾಳ ಸಾಧು ಮನುಷ್ಯ. ಒಂದು ತಿಂಗಳು ಅವರು ತಾವು ಸಿಡಿಸಿದ ದಿನ, ಹೊತ್ತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಾನು ಗೆರೆಗಳನ್ನು ಮಾತ್ರ ನೋಡಿ ಪಟ್ಟಿ ಮಾಡಬೇಕು. ಎರಡೂ ತಾಳೆಯಾದರೆ ಕೋಣೆ ಯಂತ್ರಕ್ಕೆ, ಒಂದು ತಪ್ಪಿದರೂ ಉತ್ತರಪತ್ರಿಕೆಗೆ.

ಗುಟ್ಟು ಇಷ್ಟೇ. ಗಣಿಯಲ್ಲಿ ಸಿಡಿಮದ್ದು ತುಂಬಿದ ಎಲ್ಲ ಕುಳಿಗಳನ್ನು ಒಟ್ಟಿಗೆ ಸಿಡಿಸಿದರೆ ಸುತ್ತಲಿನ ಮನೆಗಳು ಬಿರುಕು ಬಿಡುತ್ತವೆ. ಅದಕ್ಕೇ ಸಾಲಾಗಿ, ಕಣ್ಣು ಮಿಟುಕಿಸುವಷ್ಟೂ ಅಲ್ಲದ ಅಂತರ ಕೊಟ್ಟು, ಒಂದರ ಹಿಂದೊಂದು ಸಿಡಿಸುತ್ತಾರೆ. ಆ ಸಮ ಅಂತರ ಗೆರೆಯಲ್ಲಿ ಉಳಿಯುತ್ತದೆ, ಒಂದೊಂದು ಗಣಿಯದು ಒಂದೊಂದು ಥರ. ಬಾಂಬ್ ಎಂದರೆ ಒಂದೇ ಗುದ್ದು, ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಜಾರಿ ಉಜ್ಜುತ್ತದೆ, ಮೊದಲ ಅಲೆಗಿಂತ ಹಿಂದೆ ಬರುವ ಅಲೆಯೇ ದೊಡ್ಡದು. ಲೆಕ್ಕ ಇಟ್ಟು ನಡುಗುವುದು ಭೂಮಿಗೆ ಗೊತ್ತಿಲ್ಲ, ಲೆಕ್ಕ ಇಟ್ಟು ನಡುಗಿಸುವುದು ಮನುಷ್ಯರಿಗೆ ಮಾತ್ರ ಗೊತ್ತು.

ತಿಂಗಳು ಮುಗಿದ ಶನಿವಾರ ಬೆಳಿಗ್ಗೆ ಪಂಪ್ ಕೋಣೆಯಲ್ಲಿ ಮೇಷ್ಟ್ರು, ಮೇಸ್ತ್ರಿ, ನಾನು ಮೂವರೂ ಸೇರಿದೆವು. ಮೇಷ್ಟ್ರು ನೋಟ್‌ಬುಕ್ ಓದುತ್ತ ಹೋದರು, ನಾನು ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದೆ. ಎಲ್ಲವೂ ತಾಳೆಯಾಯಿತು. ಆದರೆ ನನ್ನ ಪಟ್ಟಿಯಲ್ಲಿ ಒಂದು ಹೆಚ್ಚಿಗೆ ಇತ್ತು. ಅಮಾವಾಸ್ಯೆ, ಬೆಳಿಗ್ಗೆ ಏಳು ಗಂಟೆ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮಾವಾಸ್ಯೆಯ ದಿನ ಆ ಗಣಿಯಲ್ಲಿ ಲಾರಿಗಳಿಗೆ ನಿಂಬೆಹಣ್ಣು ಕಟ್ಟಿ ಕಾಯಿ ಒಡೆಯುತ್ತಾರೆಯೇ ಹೊರತು ಕಲ್ಲು ಒಡೆಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಪಟ್ಟಿ ಬರೆಯುವಾಗ ಆ ಸಾಲನ್ನು ಮೂರು ಸಲ ಹೊಡೆದುಹಾಕಿ ಮೂರು ಸಲ ಮತ್ತೆ ಬರೆದಿದ್ದೆ. ಪಂಚಾಂಗ ಇಲ್ಲ ಅನ್ನುತ್ತಿತ್ತು, ಗೆರೆ ಹೌದು ಅನ್ನುತ್ತಿತ್ತು. ಸಮ ಅಂತರದ ಆ ಹಲ್ಲುಗಳು ಬಾಚಣಿಗೆಯ ಹಾಗೆ ಸ್ಪಷ್ಟವಾಗಿದ್ದವು. ಈಗ ಕೋಣೆ ಹೋಯಿತು ಅನ್ನಿಸಿತು, ಆದರೂ ಸಾಲನ್ನು ಹೊಡೆದುಹಾಕಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ, ನಿಜ ಹೇಳಿ ಎಂದಷ್ಟೇ ಕೇಳಿದೆ.

ಅವರು ಸುಮ್ಮನಿದ್ದುಬಿಟ್ಟಿದ್ದರೆ ನಾನು ಸೋತಿರುತ್ತಿದ್ದೆ, ಯಾರೂ ಅವರನ್ನು ಮತ್ತೆ ಕೇಳುತ್ತಿರಲಿಲ್ಲ.

"ಅವತ್ತ ಮದ್ದು ಹೊಡದೀನ್ರಿ," ಎಂದರು. "ಗಣಿ ಪುಸ್ತಕದಾಗ ಬರದೀನಿ. ಈ ನೋಟ್‌ಬುಕ್ಕಿನಾಗ ಬರದಿಲ್ಲ."

ಹಿಂದಿನ ಸಂಜೆ ಕುಳಿಗಳಿಗೆ ಮದ್ದು ತುಂಬಿದ ಮೇಲೆ ಗುಡುಗು ಸಿಡಿಲು ಶುರುವಾಯಿತಂತೆ. ಸಿಡಿಲಿನ ಹೊತ್ತಿನಲ್ಲಿ ಸಿಡಿಸುವಂತಿಲ್ಲ. ಮದ್ದು ತುಂಬಿದ ಕುಳಿಗಳನ್ನು ಹಾಗೇ ಬಿಡುವಂತೆಯೂ ಇಲ್ಲ. ಬೆಳಗಾದೊಡನೆ, ಪೂಜೆಗೆ ಯಾರೂ ಬರುವ ಮೊದಲೇ ಮುಗಿಸಿದ್ದರು. ನೋಟ್‌ಬುಕ್ ಮನೆಯಲ್ಲಿ ಇರುತ್ತಿತ್ತು, ಮೇಸ್ತ್ರಿಯ ತಾಯಿ ಅದನ್ನು ದಿನಾ ಮೊಮ್ಮಗಳ ಕೈಲಿ ಓದಿಸಿಕೊಳ್ಳುತ್ತಿದ್ದರು. ಅದೇ ಕೆಲಸದಲ್ಲಿದ್ದ ಮೇಸ್ತ್ರಿಯ ಅಪ್ಪನಿಗೆ ಎರಡು ಬೆರಳು ಹೋದದ್ದು ಒಂದು ಅಮಾವಾಸ್ಯೆಯಂದು. ಅಮಾವಾಸ್ಯೆಯ ದಿನ ಎಂದೂ ಮದ್ದು ಮುಟ್ಟುವುದಿಲ್ಲ ಎಂದು ಮೇಸ್ತ್ರಿ ತಾಯಿಗೆ ಮಾತು ಕೊಟ್ಟಿದ್ದರು.

ನನಗೆ ಕುಣಿಯಬೇಕೆನಿಸಿತು. ಪಟ್ಟಿಯಲ್ಲಿದ್ದದ್ದನ್ನು ಹಿಡಿಯುವುದು ದೊಡ್ಡದಲ್ಲ, ಮುಚ್ಚಿಟ್ಟದ್ದನ್ನೇ ಹಿಡಿದಿದ್ದೆ! ಮೇಷ್ಟ್ರು ಮಾತ್ರ ಬಿಡುವ ಆಸಾಮಿಯಲ್ಲ. ಒಂದೇ ಕಂಪನಮಾಪನ ಕೇಂದ್ರದ ಸಾಕ್ಷಿಯನ್ನು ಜಗತ್ತಿನಲ್ಲಿ ಯಾರೂ ನಂಬುವುದಿಲ್ಲ, ಎರಡನೆಯದೆಲ್ಲಿ ಎಂದರು. ಮೇಸ್ತ್ರಿ ಇಷ್ಟು ಹೇಳಿದ ಮೇಲೆ ಅವ್ವನಿಗೂ ಹೇಳಿಬಿಡುತ್ತೇನೆ ಎಂದು ಫೋನ್ ತೆಗೆದರು. ಅಮಾವಾಸ್ಯೆಯಂದು ಸಿಡಿಸಿದ್ದನ್ನು ಒಪ್ಪಿಕೊಂಡರು. ಗುಡ್ಡದ ಬುಡದ ಮನೆಯಲ್ಲಿದ್ದ ಆ ಮುದುಕಿಯ ದನಿ ಕೋಣೆಯ ತುಂಬ ಕೇಳಿಸುವಷ್ಟು ಜೋರಾಗಿತ್ತು.

"ನನಗ ಅವತ್ತ ಗೊತ್ತಾತಲೇ. ಏಳರ ಬಸ್ಸು ಬಂದು ನಿಂತಿತ್ತು, ಗ್ವಾಡಿ ಮಾಡದಾಗಿನ ತಾಟು ಗಲಗಲ ಅಂದ್ವು. ಇದು ನನ್ನ ಮಗನ ಕೈಕೆಲಸ ಅಂದೆ."

ಮತ್ತೆ ಯಾಕೆ ಕೇಳಲಿಲ್ಲ ಎಂದು ಮೇಸ್ತ್ರಿ ಸಣ್ಣ ದನಿಯಲ್ಲಿ ಕೇಳಿದರು.

"ಬೈಯಾಕ ಎಷ್ಟೊತ್ತು? ನೀನಾಗೇ ಬಂದು ಹೇಳ್ಲಿ ಅಂತ ಕುಂತಿದ್ದೆ. ಹೇಳಿದ್ಯಲ್ಲ, ಸಾಕು. ಜಲ್ದಿ ಉಣ್ಣಾಕ ಬಾ."

ಮೇಸ್ತ್ರಿ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಎರಡನೆಯ ಸಾಕ್ಷಿಯೂ ಸಿಕ್ಕಿತ್ತು. ಸಮಿತಿಯ ಕಡತ ತೆಗೆದು, ಕೋಣೆ ಯಂತ್ರಕ್ಕೇ ಇರತಕ್ಕದ್ದು ಎಂದು ಬರೆದು, ನನ್ನ ಕಣ್ಣೆದುರಿಗೇ ಸಹಿ ಹಾಕಿದರು.